ಅರ್ಧಕ್ಕೆ ನಿಂತ ವರದಿ

ವಿನೋದಿನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಸಾಂತಾಕ್ರೂಜ್‌ನ ಅವಳ ಸೊಸೈಟಿಯ ಹೆಂಗಸರು ಸಂಜೆ ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತು ಹರಟುವಾಗ ಇವಳು ನಿಂತುಕೊಂಡೇ ಮಾತಾಡುತ್ತಿದ್ದಳು. ಚಹಾ ಕುಡಿಯುವುದೂ ಅಡುಗೆಮನೆಗೂ ಬಾಲ್ಕನಿಗೂ ನಡುವೆ ಓಡಾಡುತ್ತಲೇ. ಗಂಡ ನೀಲಕಂಠಪ್ಪನದು ತದ್ವಿರುದ್ಧ ಸ್ವಭಾವ. ನಿವೃತ್ತನಾದ ಮರುದಿನವೇ ಕಿಟಕಿಯ ಬದಿಗೆ ಒಂದು ಕುರ್ಚಿ ಎಳೆದುಕೊಂಡು ಕೂತವನು, ಇಳಿಯುವ ವಿಮಾನಗಳನ್ನು ನೋಡುತ್ತ ದಿನ ಕಳೆಯಬಲ್ಲವನಾಗಿದ್ದ.

"ನಿನ್ನ ಕಾಲಿಗೆ ಯಾರರ ಚಕ್ರ ಕಟ್ಯಾರೇನು?" ಎಂದು ಅವನು ಕೇಳುತ್ತಿದ್ದ.

"ನೀವು ಕುರ್ಚಿಗೆ ಅಂಟಿಕೊಂಡೀರಿ ಅಂತ ನಾನೂ ಅಂಟಿಕೊಳ್ಳಬೇಕೇನ್ರೀ?" ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು.

ಅವಳು ಧಾರವಾಡದ ಹುಡುಗಿ. ಮದುವೆಯಾಗಿ ಮುಂಬೈಗೆ ಬಂದಾಗ ಟೈಪಿಂಗ್ ಬರುತ್ತಿತ್ತು, ಹಿಂದಿ ಅಷ್ಟಕ್ಕಷ್ಟೇ. ಚಾಳದ ಒಂದೇ ಕೋಣೆಯಲ್ಲಿ ಅತ್ತೆ, ಮಾವ, ಮೈದುನರ ನಡುವೆ ಉಸಿರುಗಟ್ಟಿ, ಎಲ್ಲಾದರೂ ಸರಿ ಕೆಲಸಕ್ಕೆ ಹೋಗುತ್ತೇನೆ ಎಂದು ಹಟ ಹಿಡಿದಳು. ಆಗ ಸಿಕ್ಕಿದ್ದು ಬೈಕುಲ್ಲಾದ ಒಂದು ಬೂಟಿನ ಕಾರ್ಖಾನೆ. ಬೆಳಗಾವಿ ಕಡೆಯಿಂದ ಬಂದ ಗುರಲಿಂಗಪ್ಪನವರು ಅದನ್ನು ನಡೆಸುತ್ತಿದ್ದರು. ಅಂಗಡಿಯಲ್ಲಿ ಮಾರುವ ಬೂಟಲ್ಲ ಅವು. ಪೋಲಿಯೋ ಆದವರಿಗೆ, ಹುಟ್ಟಿನಿಂದ ಪಾದ ತಿರುಚಿದವರಿಗೆ, ಅಪಘಾತದಲ್ಲಿ ಒಂದು ಕಾಲು ಗಿಡ್ಡವಾದವರಿಗೆ ಅಳತೆ ತೆಗೆದು ಮಾಡುವ ಬೂಟು. ಒಬ್ಬೊಬ್ಬರ ಪಾದಕ್ಕೂ ಮರದ ಒಂದೊಂದು ಅಚ್ಚು ಕೆತ್ತಬೇಕು. ಕಾರಿಗರರು ಅದಕ್ಕೆ ಫರ್ಮಾ ಎನ್ನುತ್ತಾರೆ. ಬೂಟು ಹರಿದಾಗ ಅದೇ ಫರ್ಮಾದ ಮೇಲೆ ಇನ್ನೊಂದು ಹೊಲಿಯಬಹುದಾದ್ದರಿಂದ ಗುರಲಿಂಗಪ್ಪನವರು ಯಾರ ಫರ್ಮಾವನ್ನೂ ಬಿಸಾಡುತ್ತಿರಲಿಲ್ಲ. ಗೋಡೆಯುದ್ದಕ್ಕೂ ಕಪಾಟುಗಳು, ಕಪಾಟುಗಳ ತುಂಬ ಮರದ ಪಾದಗಳು. ವಿನೋದಿನಿ ಮೊದಲ ದಿನ ಅದನ್ನು ಕಂಡು ಬೆಚ್ಚಿದ್ದಳು. ಆಮೇಲೆ ಅವುಗಳ ನಡುವೆಯೇ ಡಬ್ಬಿ ಬಿಚ್ಚಿ ಊಟ ಮಾಡುವಷ್ಟು ರೂಢಿಯಾಯಿತು.

ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ ಅವಳನ್ನೇ ದಾದರ್‌ನ ಕ್ಲಾಸಿಗೆ ಕಳಿಸಿದರು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡುತ್ತಿದ್ದ ಕಾಲ. ಒಂದೇ ಪ್ರೋಗ್ರಾಂನಲ್ಲಿ ಪತ್ರ ಬರೆಯಬಹುದು, ಲೆಕ್ಕ ಹಾಕಬಹುದು, ಹೆಸರು ವಿಳಾಸ ತುಂಬಿಡಬಹುದು, ಬೇಕಾದದ್ದನ್ನು ಆರಿಸಿ ವರದಿ ಮುದ್ರಿಸಬಹುದು. ಆಫೀಸಿನ ಎಲ್ಲ ಕೆಲಸವೂ ಅದೊಂದರೊಳಗೇ. ಒಂದು ಕೆಲಸದಿಂದ ಇನ್ನೊಂದಕ್ಕೆ ಥಟ್ಟನೆ ಹಾರಬಹುದಾಗಿದ್ದ ಆ ಪ್ರೋಗ್ರಾಂ ವಿನೋದಿನಿಯ ಚಡಪಡಿಕೆಗೆ ಹೇಳಿ ಮಾಡಿಸಿದಂತಿತ್ತು. ಮುಂದೆ ಕಂಪ್ಯೂಟರುಗಳು ಬದಲಾದವು. ಹಳೆಯದು ಸತ್ತಾಗ ಲ್ಯಾಮಿಂಗ್ಟನ್ ರೋಡಿನಿಂದ ಇನ್ನೊಂದು ಸೆಕೆಂಡ್‌ಹ್ಯಾಂಡ್ ಬರುತ್ತಿತ್ತು. ಪ್ರೋಗ್ರಾಂ ಮಾತ್ರ ಅದೇ. ಬಂದವರೆಲ್ಲರ ಹೆಸರು, ವಿಳಾಸ, ಪಾದದ ಅಳತೆ, ಫರ್ಮಾ ಇರುವ ಕಪಾಟಿನ ನಂಬರು ಅದರೊಳಗೆ ಸೇರುತ್ತ ಹೋದವು.

ಅವಳು ನಿವೃತ್ತಳಾಗಿ ಕೆಲವು ವರ್ಷಗಳೇ ಆಗಿದ್ದಾಗ ಒಂದು ಬೆಳಿಗ್ಗೆ ಧನರಾಜ್ ಫೋನ್ ಮಾಡಿದ. ಗುರಲಿಂಗಪ್ಪನವರ ಮಗ, ತಂದೆ ತೀರಿಕೊಂಡ ಮೇಲೆ ಕಾರ್ಖಾನೆ ಅವನದೇ. ಮುಂಬೈಯಲ್ಲೇ ಹುಟ್ಟಿ ಬೆಳೆದವನ ಕನ್ನಡ ತಡವರಿಸುತ್ತಿತ್ತು.

"ಆಂಟಿ, ಬಿಲ್ಡಿಂಗ್ ರಿಡೆವಲಪ್‌ಮೆಂಟ್‌ಗೆ ಹೋಯ್ತು. ನಾವು ವಸಯಿಗೆ ಶಿಫ್ಟ್ ಆಗ್ತಿದ್ದೇವೆ. ಅಲ್ಲಿ ಜಗಾ ಕಮ್ಮಿ ಇದೆ. ಎಲ್ಲಾ ಫರ್ಮಾ ಒಯ್ಯಲಿಕ್ಕೆ ಆಗೂದಿಲ್ಲ."

"ಮತ್ತೇನು ಮಾಡ್ತೀ ಅವನ್ನ?"

"ಎಲ್ಲರಿಗೂ ಕಾರ್ಡ್ ಹಾಕೋಣ ಅಂತ. ಯಾರಿಗೆ ಬೇಕು ಅಂತ ಹೇಳ್ತಾರೋ ಅವರದ್ದು ಇಟ್ಕೊಳ್ಳೋಣ. ಲೇಕಿನ್ ಪೂರಾ ಲಿಸ್ಟ್ ಬರ್ತಾನೇ ಇಲ್ಲ ಆಂಟಿ. ಪ್ರಿಂಟ್ ಕೊಟ್ರೆ ಅರ್ಧಕ್ಕೆ ಮೆಮರಿ ಫುಲ್ ಅಂತ ಬಂದು ಮಶೀನ್ ನಿಂತೇ ಬಿಡ್ತದೆ. ಹೊಸ ಸಾಫ್ಟ್‌ವೇರ್‌ನವರಿಗೆ ಕೇಳಿದೆ. ಮೊದಲು ಅದರೊಳಗಿಂದ ಡೇಟಾ ಹೊರಗೆ ತೆಗೆದುಕೊಡಿ, ಆಮೇಲೆ ನೋಡೋಣ ಅಂದ್ರು."

ಫೋನ್ ಇಟ್ಟ ಮೇಲೆ ವಿನೋದಿನಿ ಬಾಲ್ಕನಿಗೆ ಹೋದಳು, ಅಡುಗೆಮನೆಗೆ ಬಂದಳು, ಮತ್ತೆ ಬಾಲ್ಕನಿಗೆ ಹೋದಳು. ಒಲೆಯ ಮೇಲಿನ ಹಾಲು ಉಕ್ಕಿತು. ನೀಲಕಂಠಪ್ಪ ಎದ್ದು ಬಂದು ಗ್ಯಾಸ್ ಆರಿಸಿ, "ಹೋಗೂದಾದ್ರ ಹೋಗಿಬಿಡು. ಇಲ್ಲೇ ಇದ್ರ ಮನಿ ಸುಟ್ಟೀ," ಎಂದ.

ಅವಳು ದಾದರ್‌ನಲ್ಲಿ ಲೋಕಲ್ ಬದಲಿಸಿ ಬೈಕುಲ್ಲಾ ತಲುಪಿದಳು. ಕಾರ್ಖಾನೆಯ ಮೆಟ್ಟಿಲ ಮೇಲೆಯೇ ಮರದ ಹೊಟ್ಟಿನ, ಅಂಟಿನ, ತೊಗಲಿನ ಹಳೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ದೂಜ ಕಾಲು ಚಾಚಿ ಕೂತು ಒಂದು ಫರ್ಮಾವನ್ನು ಅರದಿಂದ ಉಜ್ಜುತ್ತಿದ್ದ. ಉಡುಪಿ ಕಡೆಯವನು. ಹೋಟೆಲ್ ಕೆಲಸಕ್ಕೆಂದು ಮುಂಬೈಗೆ ಬಂದು, ಹೇಗೋ ಗುರಲಿಂಗಪ್ಪನವರ ಕೈಗೆ ಸಿಕ್ಕಿ, ಮರ ಕೆತ್ತುವುದನ್ನು ಕಲಿತು ಅಲ್ಲಿಯೇ ಮುದುಕನಾದವನು.

"ಬಂದ್ರಾ ಅಕ್ಕ? ಒಳ್ಳೇದಾಯ್ತು ಮಾರಾಯ್ರೆ. ನಿಮ್ಮ ಆ ಪೆಟ್ಟಿಗೆಯ ಹತ್ತಿರ ಹೋಗಲಿಕ್ಕೆ ಯಾರಿಗೂ ಧೈರ್ಯ ಇಲ್ಲ."

ಮೂಲೆಯಲ್ಲಿ ಕಂಪ್ಯೂಟರ್ ಇತ್ತು. ಪರದೆ ಆಗಾಗ ಮಂಕಾಗುತ್ತಿತ್ತು, ಪಕ್ಕಕ್ಕೊಂದು ತಟ್ಟಿದರೆ ಮತ್ತೆ ಬೆಳಗುತ್ತಿತ್ತು. ವಿನೋದಿನಿ ಕಡತ ತೆರೆದಳು. ತನ್ನ ಕಾಲದಲ್ಲಿ ಹೆಸರುಗಳನ್ನು ಬೇರೆ ಬೇರೆ ಸಣ್ಣ ಕಡತಗಳಲ್ಲಿ ಇಟ್ಟಿದ್ದಳು. ಹುಡುಕಲು ಸುಲಭವಾಗಲೆಂದು ಯಾರೋ ಎಲ್ಲವನ್ನೂ ಒಂದೇ ಕಡತಕ್ಕೆ ಸೇರಿಸಿಬಿಟ್ಟಿದ್ದರು. ಕಡತವೇನೋ ತೆರೆಯಿತು. ಒಂದೊಂದೇ ಹೆಸರನ್ನು ಹುಡುಕಿ ನೋಡಲೂ ಬರುತ್ತಿತ್ತು. ಆದರೆ ಪೂರ್ತಿ ವರದಿಗೆ ಆಜ್ಞೆ ಕೊಟ್ಟರೆ ಪ್ರಿಂಟರ್ ಕರಕರ ಎಂದು ಒಂದಷ್ಟು ಹಾಳೆ ಉಗುಳಿ, ಸಾಲಿನ ನಡುವೆಯೇ ನಿಂತಿತು. ಪರದೆಯ ಮೇಲೆ ಮೆಮರಿ ಫುಲ್. ಆಮೇಲೆ ಯಾವ ಕೀ ಒತ್ತಿದರೂ ಮಿಸುಕಲಿಲ್ಲ.

"ಏನಂತೆ ಅದರದ್ದು?" ದೂಜ ಅರ ಹಿಡಿದುಕೊಂಡೇ ಬಂದು ಕೇಳಿದ.

"ನಿಮ್ಮ ಕೆಲಸದ ಮಣಿ, ಆ ಕಟ್ಟಿಗಿ ಹಲಗಿ, ಎಷ್ಟು ಅಗಲ ಅದನೋ ಅಷ್ಟರಾಗ ಮಾತ್ರ ಕೆಲಸ ಮಾಡೂದು ಇದು. ಈಗ ಮಣಿ ತುಂಬ ಸಾಮಾನು ಹರವಿ ಕೂತದ. ಅರಾ ಇಡಾಕೂ ಜಾಗಾ ಇಲ್ಲ."

"ಹಾಗಾದ್ರೆ ಬೇಡದ್ದನ್ನು ಕೆಳಗೆ ಇಡಿ."

ಅವಳು ಅದನ್ನೇ ಮಾಡಿದಳು. ಯಂತ್ರ ಶುರುವಾಗುವಾಗ ತಾವಾಗಿಯೇ ಬಂದು ಕೂರುವ ಸಣ್ಣಪುಟ್ಟ ಪ್ರೋಗ್ರಾಂಗಳಿದ್ದವು. ಮೌಸಿಗೊಂದು, ಗಡಿಯಾರಕ್ಕೊಂದು, ಎಂದೋ ಹಾಕಿಸಿದ ವೈರಸ್ ತಡೆಯುವುದೊಂದು. ಒಂದೊಂದನ್ನೇ ತೆಗೆದು, ಯಂತ್ರವನ್ನು ಮತ್ತೆ ಶುರು ಮಾಡಿ ಪ್ರಿಂಟ್ ಕೊಟ್ಟಳು. ವರದಿ ಮೊದಲಿಗಿಂತ ಕೆಲವು ಹಾಳೆ ಮುಂದಕ್ಕೆ ಹೋಯಿತು. ಇನ್ನೇನು ಮುಗಿಯಿತು ಎಂದು ಅವಳು ಹಾಳೆಗೆ ಕೈ ಚಾಚುವಾಗಲೇ ಮತ್ತೆ ನಿಂತಿತು.

ಮುಂದೆ ಹೋಯಿತು ಎಂಬುದೇ ಅವಳಿಗೆ ಮುಖ್ಯವಾಗಿ ಕಂಡಿತು. ಯಾವುದೋ ಒಂದು ಹೆಸರು ಕೆಟ್ಟಿದ್ದರೆ ಪ್ರತಿ ಸಲವೂ ಅದೇ ಹೆಸರಿಗೆ ನಿಲ್ಲಬೇಕಿತ್ತು. ಜಾಗ ಮಾಡಿಕೊಟ್ಟಷ್ಟು ಮುಂದೆ ಹೋಗುತ್ತಿದೆ ಎಂದರೆ ತೊಂದರೆ ಜಾಗದ್ದೇ. ಹಾಗಂದುಕೊಂಡು ಮನೆಗೆ ಹೋದಳಾದರೂ, ಊಟಕ್ಕೆ ಕೂತಾಗ ರೊಟ್ಟಿ ಮುರಿಯುವುದನ್ನು ಬಿಟ್ಟು ಬೆರಳಿನಿಂದ ತಾಟಿನ ಅಂಚನ್ನು ತಟ್ಟುತ್ತಿದ್ದಳು.

ಮರುದಿನ ಅವಳು ಕಾರ್ಖಾನೆಯ ಓಣಿ ಮುಟ್ಟಿದಾಗ ಮೇಲಿನಿಂದ ಕೂಗಾಟ ಕೇಳಿಸುತ್ತಿತ್ತು. ಬಿಲ್ಡರ್ ಕಡೆಯ ಆಳುಗಳು ಧನರಾಜ್ ಬರುವ ಮೊದಲೇ ಬಂದು ಹಿಂದಿನ ಕೋಣೆಗೆ ಕೈ ಹಾಕಿದ್ದರು. ಅಲ್ಲಿಯ ಕಿಟಕಿ ಪಕ್ಕದ ಕಪಾಟನ್ನು ಪೂರ್ತಿ ಬರಿದು ಮಾಡಿ, ಫರ್ಮಾಗಳನ್ನು ಗೋಣಿಚೀಲಕ್ಕೆ ತುಂಬಿ, ಕಲ್ಲು ಮಣ್ಣಿನ ಲಾರಿಗೆ ಹಾಕಿ ಕಳಿಸಿಯೂ ಆಗಿತ್ತು. ಉಳಿದ ಕಪಾಟುಗಳ ಮುಂದೆ ದೂಜ ಎರಡೂ ಕೈ ಅಗಲಿಸಿ ನಿಂತಿದ್ದ. ಅವನ ಗಂಟಲು ಒಡೆದಿತ್ತು.

"ಮುಟ್ಟಿದ್ರೆ ನೋಡಿ! ಹಾಥ್ ಮತ್ ಲಗಾವ್!"

ವಿನೋದಿನಿ ಹೋಗಿ ಅವನ ಪಕ್ಕಕ್ಕೆ ನಿಂತಳು. ತನ್ನ ಮುರುಕು ಹಿಂದಿಯಲ್ಲಿ, ಇವು ಕಟ್ಟಿಗೆಯಲ್ಲ, ಜನರ ಕಾಲು ಎಂದು ಕೂಗಿದಳು. ಆಳುಗಳು ನಗಲಿಲ್ಲ. ಅವರ ಮುಖ್ಯಸ್ಥ ಕಪಾಟಿನಿಂದ ಒಂದನ್ನು ಎತ್ತಿಕೊಂಡು, ತಿರುಗಿದ ಅದರ ಬೆರಳುಗಳನ್ನು ಸವರಿ ನೋಡಿ, ಮೆಲ್ಲಗೆ ಮರಳಿ ಇಟ್ಟ. ಬಿಲ್ಡರನಿಗೆ ಫೋನ್ ಹೋಯಿತು, ಧನರಾಜ್ ಓಡಿ ಬಂದ, ವಾರ ಮುಗಿಯುವವರೆಗೆ ಯಾರೂ ಕಪಾಟು ಮುಟ್ಟುವುದಿಲ್ಲ ಎಂದು ಮಾತಾಯಿತು. ಆದರೆ ಹೋದ ಲಾರಿ ಹೋಗಿತ್ತು. ಅದು ಎಲ್ಲಿ ಖಾಲಿಯಾಯಿತು ಎಂದು ಯಾರೂ ಖಚಿತವಾಗಿ ಹೇಳಲಿಲ್ಲ.

ಆ ಗದ್ದಲ ತಣ್ಣಗಾಗುವ ಮೊದಲೇ ಮಲ್ಲವ್ವ ಬಂದಳು. ವಿಜಯಪುರದ ಕಡೆಯವಳು. ಬಾಂದ್ರಾದಲ್ಲಿ ಕಟ್ಟಡ ಕೆಲಸ ಮಾಡುವ ಊರಿನವರಿಗೆ ಜೋಳದ ರೊಟ್ಟಿ ಬಡಿದು ಕೊಡುವುದು ಅವಳ ಕಸುಬು. ಎಡಗಾಲು ಗಿಡ್ಡ. ಚಿಕ್ಕಂದಿನ ಪೋಲಿಯೋ. ಎತ್ತರದ ಅಟ್ಟೆಯ ಬೂಟು ಬಾಯಿಬಿಟ್ಟು, ಸುತ್ತಲೂ ಸುತಳಿ ಕಟ್ಟಿಕೊಂಡು ಬಂದಿದ್ದಳು.

"ಯಕ್ಕಾ, ಇದರ ಗತಿ ನೋಡ್ರೀ. ನಿಂತು ರೊಟ್ಟಿ ಬಡಿಯಾಕ ಆಗವಲ್ದು. ಹೊಸಾದು ಹೊಲಿಸಿಕೊಡ್ರಿ. ನನ್ನ ಕಾಲು ನಿಮ್ಮ ಹತ್ತರ ಐತೆಲ್ಲ."

ವಿನೋದಿನಿ ಅವಳ ಹೆಸರು ಹುಡುಕಿದಳು. ಪರದೆಯ ಮೇಲೆ ಮಲ್ಲವ್ವನ ಕಪಾಟಿನ ನಂಬರು ಮೂಡಿತು. ಹಿಂದಿನ ಕೋಣೆಯ ಕಿಟಕಿ ಪಕ್ಕದ್ದು. ವಿನೋದಿನಿ ದೂಜನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ. ಹೇಳದೆ ವಿಧಿಯಿರಲಿಲ್ಲ.

"ಹೋತು ಅಂದ್ರೇನ್ರಿ?" ಮಲ್ಲವ್ವನ ದನಿ ಏರಿತು. "ನನ್ನ ಕಾಲು ಒಯ್ದು ಕಸಕ್ಕ ಒಗೆದ್ರೇನು? ಅದನ್ನ ಮಾಡಸಾಕ ನಮ್ಮವ್ವ ಇಷ್ಟುದ್ದ ಬೆಳೆದ ನನ್ನನ್ನ ಬೆನ್ನಾಗ ಹೊತ್ತು ತಂದಿದ್ಲು, ಗೊತ್ತೇನ್ರಿ ನಿಮಗ? ನಾ ಈಗ ಇಲ್ಲೇ ಕುಂಡ್ರತೀನಿ. ಬೂಟ ಕೊಟ್ಟ ಹೊರತು ಏಳೂದಿಲ್ಲ."

ಅವಳು ನಿಜವಾಗಿಯೂ ಬಾಗಿಲಲ್ಲಿ ಕೂತುಬಿಟ್ಟಳು. ಧನರಾಜ್ ಏನೋ ಸಮಾಧಾನ ಹೇಳಲು ಹೋಗಿ, ಕನ್ನಡ ಸಿಗದೆ ಒಂದು ಸ್ಟೂಲು ತಂದು ಅವಳ ಮುಂದಿಟ್ಟ. ವಿನೋದಿನಿ ಆಚೀಚೆ ತಿರುಗಾಡಿದಳು. ಏನು ಮಾಡಲೂ ತೋಚದೆ ಮತ್ತೆ ಪರದೆಯ ಮುಂದೆ ಬಂದಾಗ ಮಲ್ಲವ್ವನ ಹೆಸರಿನ ಕೆಳಗಿದ್ದ ಅಳತೆಗಳು ಕಣ್ಣಿಗೆ ಬಿದ್ದವು. ಪಾದದ ಉದ್ದ, ಅಂಗಾಲಿನ ಅಗಲ, ನಡುಪಾದದ ಸುತ್ತಳತೆ, ಹಿಮ್ಮಡಿಯ ಸುತ್ತಳತೆ, ಎಷ್ಟು ಎತ್ತರ ಏರಿಸಬೇಕು ಎಂಬುದು. ಎಲ್ಲವೂ ಅವಳೇ ತುಂಬಿದ್ದವು. ಈಗ ಮರೆತೇಬಿಟ್ಟಿದ್ದಳು.

"ದೂಜ, ಇಲ್ಲಿ ಬರ್ರಿ. ಇಷ್ಟು ಇದ್ರ ಹೊಸಾ ಫರ್ಮಾ ಕೆತ್ತಲಿಕ್ಕೆ ಬರ್ತದೇನು?"

ದೂಜ ಕಣ್ಣು ಕಿರಿದು ಮಾಡಿ ಓದಿದ. "ಬೆರಳು ಯಾವ ಕಡೆ ತಿರುಗಿದೆ ಅಂತ ಇವರ ಕಾಲು ನೋಡಿಯೇ ತಿಳಿಯಬೇಕು. ಉಳಿದದ್ದು ಯಜಮಾನರೇ ಅಳೆದದ್ದು, ಹಾಗೆ ಅಳೆಯಲಿಕ್ಕೆ ನನಗೆ ಬರುವುದಿಲ್ಲ, ಅದೆಲ್ಲ ಇದರಲ್ಲಿ ಉಂಟು. ಬರ್ತದೆ. ಯಾಕೆ ಬರುವುದಿಲ್ಲ?"

ಮಲ್ಲವ್ವ ಎದ್ದು ಬಂದು ಕಾಲು ಚಾಚಿದಳು. ಆದರೆ ಬಯ್ಯುವುದನ್ನು ನಿಲ್ಲಿಸಲಿಲ್ಲ.

ಅಂದು ಮಧ್ಯಾಹ್ನ ವಿನೋದಿನಿ ಧನರಾಜ್‌ಗೆ ಹೇಳಿದಳು, "ಹೆಸರು, ವಿಳಾಸ ಅಷ್ಟ ಸಾಲೂದಿಲ್ಲಪಾ. ಅಳತಿನೂ ವರದಿಯೊಳಗ ಬರಬೇಕು. ಆ ಕಪಾಟಿನಾಗಿನ ಮಂದಿ ಎಲ್ಲಾ ಹಿಂಗ ಬಂದು ಕೂತ್ರ ಏನು ಹೇಳ್ತೀ? ಪರದಿ ಯಾವತ್ತು ಪೂರಾ ಕತ್ತಲಾಗ್ತದೋ ಗೊತ್ತಿಲ್ಲ."

"ಲೇಕಿನ್ ಆಂಟಿ, ಬರೀ ಹೆಸರಿಗೇ ನಿಂತುಹೋಗ್ತಿದೆ. ಅಳತೆನೂ ಹಾಕಿದ್ರೆ ಇನ್ನೂ ಬೇಗ ನಿಲ್ತದೆ, ಅಲ್ವಾ?"

ಅವನು ಹೇಳಿದ್ದು ಸರಿಯಾಗಿತ್ತು. ಅಳತೆ ಸೇರಿಸಿದ ಮೇಲೆ ವರದಿ ಮೊದಲು ನಿಂತ ಜಾಗಕ್ಕಿಂತಲೂ ಹಿಂದೆಯೇ ನಿಂತಿತು. ವಿನೋದಿನಿ ಪೆನ್ನು ಹಿಡಿದು ಪರದೆ ನೋಡಿ ಬರೆಯಲು ಶುರು ಮಾಡಿದಳು. ಕೈ ನೋಯುವವರೆಗೆ ಬರೆದಳು. ಎಷ್ಟಾಯಿತು ಎಂದು ನೋಡಿದರೆ ಮೊದಲ ಕಪಾಟೇ ಮುಗಿದಿರಲಿಲ್ಲ. ಹಾಳೆಗಳನ್ನು ತಳ್ಳಿ ಎದ್ದು ನಿಂತಳು.

ಇನ್ನು ತೆಗೆಯಲು ಉಳಿದದ್ದು ಮರಾಠಿ ಅಕ್ಷರದ ಪ್ರೋಗ್ರಾಂ ಒಂದೇ. ಹಳ್ಳಿಯ ಪೋಸ್ಟ್‌ಮನ್‌ಗೆ ಓದಲು ಬರಲಿ ಎಂದು ವಿಳಾಸಗಳನ್ನು ಮರಾಠಿಯಲ್ಲಿ ತುಂಬಿದ್ದರು. ಆ ಅಕ್ಷರ ಮೂಡಿಸುವ ಪ್ರೋಗ್ರಾಂ ಮಣಿಯ ಮೇಲೆ ಬಹಳ ಜಾಗ ಹಿಡಿದಿತ್ತು. ಅದನ್ನು ತೆಗೆದು ನೋಡಿದಳು. ವರದಿ ಬಹುದೂರ ಓಡಿತು. ಖುಷಿಯಿಂದ ಹಾಳೆ ಎತ್ತಿದರೆ ವಿಳಾಸದ ಜಾಗದಲ್ಲಿ ಬರೀ ಗೀಟು, ಚುಕ್ಕೆ, ಕೊಕ್ಕೆ. ಆ ವಿಳಾಸಕ್ಕೆ ಕಾರ್ಡು ಹಾಕಿದರೆ ದೇವರೇ ಮುಟ್ಟಿಸಬೇಕಿತ್ತು. ಅವಳು ಹಾಳೆಗಳನ್ನು ಮುದ್ದೆ ಮಾಡಿ ಎಸೆದಳು.

ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕರೂ ಬಾಗಿಲ ಬಳಿಯೇ ನಿಂತು ಮನೆಗೆ ಬಂದಳು. ಮಗಳು ಸೋನಾಲಿ ಬಾಂದ್ರಾದ ಆಫೀಸಿನಿಂದ ಆಗಷ್ಟೇ ಬಂದಿದ್ದಳು. ಅಮ್ಮ ಚಪ್ಪಲಿ ಬಿಡದೆ ಅಡುಗೆಮನೆಗೆ ಹೋದದ್ದನ್ನು ನೋಡಿ ಕೈ ಹಿಡಿದು ನಿಲ್ಲಿಸಿದಳು.

"ಮಮ್ಮಿ, ಬಸ್ ಕರ್. ನಿನ್ನ ಬಿಪಿ ಜಾಸ್ತಿ ಆಗ್ತದೆ. ಯಾರ್ದೋ ಫ್ಯಾಕ್ಟರಿ ಅದು."

"ಯಾರದೋ ಹೆಂಗ ಆಗ್ತದ? ಆ ಅಳತಿ ಎಲ್ಲಾ ನನ್ನ ಕೈಯಾಗ ತುಂಬೀನಿ."

ಸೋನಾಲಿ ಅಮ್ಮನ ಮುಖ ನೋಡಿ ವಾದ ಬಿಟ್ಟಳು. "ಓಕೆ. ಆ ಫೈಲ್ ನನಗೆ ತಂದು ಕೊಡು. ಹಳೇ ಮಶೀನ್ ತರಹಾ ನಡಿಯೋ ಪ್ರೋಗ್ರಾಂ ಇರ್ತದೆ, ಲ್ಯಾಪ್‌ಟಾಪ್‌ನಲ್ಲಿ ಹಾಕಬಹುದು. ನಮ್ಮ ಆಫೀಸಿನಲ್ಲಿ ಒಬ್ಬಳಿಗೆ ಬರ್ತದೆ, ನಾನು ಕೇಳ್ತೀನಿ."

ಹಳೆಯ ಯಂತ್ರದಿಂದ ಕಡತವನ್ನು ಹೊರಗೆ ತರುವುದೇ ಒಂದು ಸಾಹಸವಾಯಿತು. ಧನರಾಜ್ ಎಲ್ಲಿಂದಲೋ ಫ್ಲಾಪಿ ಹುಡುಕಿಸಿದ, ಅದನ್ನು ಓದುವ ಡಬ್ಬಿಯನ್ನೂ ತರಿಸಿದ. ಶನಿವಾರ ಸೋನಾಲಿ ಲ್ಯಾಪ್‌ಟಾಪ್ ಹಿಡಿದು ತಾನೇ ಕಾರ್ಖಾನೆಗೆ ಬಂದಳು. ಅವಳು ಚಿಕ್ಕಂದಿನಲ್ಲಿ ಒಮ್ಮೆ ಬಂದು, ಮರದ ಪಾದಗಳನ್ನು ಕಂಡು ಅತ್ತು ಹೋದವಳು, ಮತ್ತೆ ಕಾಲಿಟ್ಟಿರಲಿಲ್ಲ. ಈಗ ಕಪಾಟುಗಳ ಮುಂದೆ ನಿಂತು ಒಂದು ಮಗುವಿನ ಫರ್ಮಾ ಎತ್ತಿಕೊಂಡಳು. ಅವಳ ಅಂಗೈಯಷ್ಟೇ ಇತ್ತು. ಅದನ್ನು ಇದ್ದಲ್ಲೇ ಇಟ್ಟು ಬಂದು ಕೆಲಸಕ್ಕೆ ಕೂತಳು.

ಲ್ಯಾಪ್‌ಟಾಪ್‌ನಲ್ಲಿ ಹಳೆಯ ಪರದೆ ಹಾಗೆಯೇ ಮೂಡಿದಾಗ ವಿನೋದಿನಿ ಬಗ್ಗಿ ಹತ್ತಿರದಿಂದ ನೋಡಿದಳು. ಆದರೆ ಅಲ್ಲಿಯೂ ವರದಿ ಅರ್ಧಕ್ಕೇ ನಿಂತಿತು.

"ಅಂದ್ರೆ ಮಶೀನ್‌ದು ಫಾಲ್ಟ್ ಅಲ್ಲ," ಎಂದಳು ಸೋನಾಲಿ. "ಇದರಲ್ಲಿ ಎಷ್ಟು ಮೆಮರಿ ಇದ್ರೂ ಆ ಪ್ರೋಗ್ರಾಂ ತಗೊಳ್ಳೋದೇ ಸ್ವಲ್ಪ. ಅದಕ್ಕೆ ಗೊತ್ತಿರೋದೇ ಅಷ್ಟು. ಫೈಲ್ ಸಣ್ಣದು ಮಾಡ್ಬೇಕು ಮಮ್ಮಿ. ಅರ್ಧ ಬೇರೆ ಕಡೆ ಕಾಪಿ ಮಾಡೋಕೆ ಬರೋದಿಲ್ವಾ?"

"ಎಲ್ಲಾ ಮಾಡಿ ನೋಡೀನಿ. ಬ್ಯಾರೆ ಮಾಡು ಅಂದ್ರೂ ಮೆಮರಿ ಫುಲ್ ಅಂತದ."

ಹೇಳುತ್ತ ಹೇಳುತ್ತಲೇ ಅವಳಿಗೆ ಇನ್ನೊಂದು ದಾರಿ ಹೊಳೆಯಿತು. ಪ್ರೋಗ್ರಾಂನೊಳಗೆ ಭಾಗ ಮಾಡಲು ಬಾರದಿದ್ದರೆ ಬೇಡ. ಹೊರಗಿನಿಂದ ಇಡೀ ಕಡತದ ಎರಡು ನಕಲು ಮಾಡಬಹುದು. ಒಂದು ನಕಲಿನಲ್ಲಿ ಹಿಂದಿನ ಅರ್ಧ ಅಳಿಸುವುದು, ಇನ್ನೊಂದರಲ್ಲಿ ಮುಂದಿನ ಅರ್ಧ. ಅಳಿಸಲು ಹೆಚ್ಚು ಜಾಗ ಬೇಕಾಗಿಲ್ಲ.

ಪ್ರಿಂಟರ್ ಇದ್ದ ಹಳೆಯ ಯಂತ್ರದಲ್ಲೇ ನಕಲು ತೆಗೆದದ್ದಾಯಿತು. ಸೋನಾಲಿ ಮೂಲ ಕಡತವನ್ನು ಬೇರೆ ಎರಡು ಕಡೆ ಭದ್ರ ಮಾಡಿಟ್ಟಳು. ಆದರೂ ಅರ್ಧ ಹೆಸರುಗಳನ್ನು ಗುರುತು ಹಾಕಿ, ಅಳಿಸಲೇ ಎಂದು ಪರದೆ ಕೇಳಿದಾಗ ವಿನೋದಿನಿಯ ಬೆರಳು ಮುಂದೆ ಹೋಗಲಿಲ್ಲ. ಉಳಿಸಲೆಂದು ಬಂದವಳು ಅಳಿಸಲು ಕೂತಿದ್ದಳು. ಎದ್ದು ಕಿಟಕಿಯವರೆಗೆ ಹೋಗಿ ಬಂದಳು.

"ಮಮ್ಮಿ, ಇದು ನಕಲು. ಒರಿಜಿನಲ್ ನನ್ನ ಹತ್ರ ಇದೆ."

"ಗೊತ್ತದವಾ."

"ನಾನು ಒತ್ತಲಾ?"

"ಬ್ಯಾಡ. ನಾನ ಒತ್ತತೀನಿ."

ಒತ್ತಿದಳು. ಹೆಸರುಗಳು ಕಣ್ಣೆದುರೇ ಹೋದವು. ಪ್ರಿಂಟ್ ಕೊಟ್ಟಳು. ಪ್ರಿಂಟರ್ ಕರಕರ ಶುರು ಮಾಡಿತು, ಮರಾಠಿ ವಿಳಾಸ, ಅಳತೆ ಎಲ್ಲ ಸಮೇತ ಹಾಳೆಗಳು ಮಡಿಕೆ ಮಡಿಕೆಯಾಗಿ ನೆಲಕ್ಕೆ ಇಳಿದವು. ದೂಜ ಅರ ಕೆಳಗಿಟ್ಟು ಬಂದ. ಧನರಾಜ್ ಫೋನ್ ಕಿವಿಯಿಂದ ತೆಗೆದ. ಮೊದಲ ಅರ್ಧ ಪೂರ್ತಿ ಬಂದು ನಿಂತಿತು. ತಾನಾಗಿ, ಮುಗಿಸಿ ನಿಂತಿತು.

ಎರಡನೆಯ ಅರ್ಧವೂ ಹಾಗೆಯೇ ಬರುತ್ತದೆ ಎಂದುಕೊಂಡು ಧನರಾಜ್ ಚಹಾ ಹೇಳಿ ಕಳಿಸಿದ. ಚಹಾ ಬರುವಷ್ಟರಲ್ಲಿ ವರದಿ ನಿಂತಿತ್ತು. ಮೆಮರಿ ಫುಲ್.

"ಇದು ಇನ್ನೂ ದೊಡ್ಡದೇನು?" ಎಂದ ಧನರಾಜ್.

ವಿನೋದಿನಿ ಆ ಅರ್ಧವನ್ನು ಮತ್ತೆ ಅರ್ಧ ಮಾಡಿದಳು. ಪ್ರಿಂಟ್ ಕೊಟ್ಟಳು. ನಿಂತಿತು. ಹಾಳೆ ಹರಿದು ಹಿಂದಿನದರ ಪಕ್ಕಕ್ಕೆ ಹಿಡಿದಳು. ಎರಡೂ ಒಂದೇ ಹೆಸರಿಗೆ ನಿಂತಿದ್ದವು. ಧರ್ಮಣ್ಣ, ಕುರ್ಲಾದ ಟೇಲರ್.

"ಈಗ ಜಾಗದ ತ್ರಾಸ ಅಲ್ಲ," ಎಂದಳು. ಅವಳ ಸ್ವರ ಬದಲಾಗಿತ್ತು. "ಈಗ ಈ ಮನುಷಾನ ತ್ರಾಸ."

ಧರ್ಮಣ್ಣನ ವಿವರ ತೆರೆದು ಸೋನಾಲಿ ಮೇಲಿಂದ ಕೆಳಗೆ ಓದಿದಳು. ಹೆಸರು ಸರಿ, ವಿಳಾಸ ಸರಿ, ಅಳತೆ ಸರಿ. ಷರಾ ಎಂಬ ಕೊನೆಯ ಖಾನೆ ಖಾಲಿ. ತಪ್ಪು ಎಲ್ಲೂ ಕಾಣಲಿಲ್ಲ. ವಿನೋದಿನಿ ಖಾನೆಯಿಂದ ಖಾನೆಗೆ ಇಳಿಯುತ್ತ, ಒಂದೊಂದರಲ್ಲೂ ಸಾಲಿನ ಕೊನೆಗೆ ಹೋಗುವ ಕೀ ಒತ್ತುತ್ತ ಬಂದಳು. ಖಾಲಿ ಖಾನೆಯಲ್ಲಿ ಅದನ್ನು ಒತ್ತಿದರೆ ಗುರುತು ಇದ್ದಲ್ಲೇ ಇರಬೇಕು. ಷರಾದಲ್ಲಿ ಅದು ಪರದೆಯ ಆಚೆಗೆ ಹಾರಿಹೋಯಿತು. ಮರಳಿ ಬರಲು ಬಾಣದ ಕೀ ಒತ್ತಿ ಹಿಡಿದರೆ, ಬರುತ್ತಲೇ ಇದೆ, ಮುಗಿಯುತ್ತಿಲ್ಲ.

"ಇದು ಖಾಲಿ ಇಲ್ಲ. ಖಾಲಿ ಜಾಗಾ ತುಂಬ್ಯದ," ಎಂದಳು. ಎಂದೋ ಕೀಬೋರ್ಡಿನ ಉದ್ದದ ಪಟ್ಟಿ ಒತ್ತಿಕೊಂಡಂತೆಯೇ ಸಿಕ್ಕಿಬಿದ್ದು, ಯಾರ ಗಮನಕ್ಕೂ ಬಾರದೆ, ಖಾನೆ ಹಿಡಿಯುವಷ್ಟೂ ಬಿಳಿ ಜಾಗ ತುಂಬುತ್ತ ಹೋಗಿತ್ತು. ಕಣ್ಣಿಗೆ ಏನೂ ಕಾಣದು. ಪ್ರೋಗ್ರಾಂಗೆ ಮಾತ್ರ ಅದೂ ಅಕ್ಷರವೇ. ಅದನ್ನೆಲ್ಲ ಹೊರಲು ಹೋಗಿ ಕುಸಿಯುತ್ತಿತ್ತು. ಮೊದಲು ಜಾಗದ ತೊಂದರೆಯಿಂದ ವರದಿ ಧರ್ಮಣ್ಣನವರೆಗೆ ಬರುತ್ತಲೇ ಇರಲಿಲ್ಲವಾದ್ದರಿಂದ ಈ ಎರಡನೆಯ ತೊಂದರೆ ಕಂಡಿರಲಿಲ್ಲ.

ಅವಳು ಷರಾ ಖಾನೆಯನ್ನು ಅಳಿಸಿದಳು. ಈ ಸಲ ಬೆರಳು ತಡೆಯಲಿಲ್ಲ.

ಧರ್ಮಣ್ಣ ದಾಟಿದ. ಅವನ ಹಿಂದಿನವರು ಬಂದರು. ಅವರ ಹಿಂದಿನವರು ಬಂದರು. ಕಿಟಕಿ ಪಕ್ಕದ ಕಪಾಟಿನವರು ಬಂದರು. ಕಾಗದ ಮುಗಿದು ಧನರಾಜ್ ತಾನೇ ಓಡಿ ಕೆಳಗಿನ ಅಂಗಡಿಯಿಂದ ತಂದ. ಎಲ್ಲ ಮುಗಿದಾಗ ಪ್ರಿಂಟರಿನ ತಲೆ ಮುಟ್ಟಿದರೆ ಸುಡುತ್ತಿತ್ತು. ಸೋನಾಲಿ ಅಮ್ಮನ ಹೆಗಲಿಗೆ ಒರಗಿ ನಕ್ಕಳು. ವಿನೋದಿನಿ ನಗಲಿಲ್ಲ. ಹಾಳೆಗಳನ್ನು ನೆಲದ ಮೇಲೆ ಹರವಿ, ಮಂಡಿಯೂರಿ, ಯಾವುದಾದರೂ ಬಿಟ್ಟುಹೋಗಿದೆಯೇ ಎಂದು ನೋಡಲು ಶುರು ಮಾಡಿದ್ದಳು.

ಕಾರ್ಡುಗಳು ಹೋದವು. ಫೋನ್ ನಂಬರ್ ಇದ್ದವರಿಗೆ ಅವಳೂ ಸೋನಾಲಿಯೂ ಫೋನ್ ಮಾಡಿದರು. ಬಹಳ ಕಾರ್ಡುಗಳು ವಿಳಾಸದಾರರಿಲ್ಲವೆಂದು ಮರಳಿ ಬಂದವು. ಎಷ್ಟೋ ನಂಬರುಗಳು ಸತ್ತಿದ್ದವು. ಧರ್ಮಣ್ಣ ತೀರಿಕೊಂಡು ಬಹಳ ದಿನಗಳಾಗಿತ್ತು. ಅವನ ಹೆಂಡತಿ ಬಂದು, ಫರ್ಮಾಗಳನ್ನು ಸೆರಗಿನಿಂದ ಒರೆಸಿ, ಕೈಚೀಲದಲ್ಲಿ ಇಟ್ಟುಕೊಂಡು ಹೋದಳು. ಕೆಲವರು ತಮ್ಮದು ಇನ್ನೂ ಇದೆಯೇ ಎಂದು ಆಶ್ಚರ್ಯಪಟ್ಟು, ಇಡಿ, ನಾಳೆಯೇ ಬರುತ್ತೇವೆ ಎಂದರು. ಯಾರೂ ಕೇಳದ ಫರ್ಮಾಗಳನ್ನು ಕೊನೆಗೂ ಲಾರಿಗೆ ಹಾಕಬೇಕಾಯಿತು. ಅವುಗಳ ಅಳತೆ ಉಳಿದಿದೆ ಎಂದು ಧನರಾಜ್ ಸಮಾಧಾನ ಹೇಳಿದ. ಲಾರಿ ತುಂಬುವಾಗ ವಿನೋದಿನಿ ಅಲ್ಲಿ ನಿಲ್ಲಲಿಲ್ಲ, ಸ್ಟೇಷನ್ನಿನವರೆಗೆ ನಡೆದು ಹೋಗಿ ಮರಳಿದಳು.

ಈಗ ಅವಳು ವಾರಕ್ಕೆ ಕೆಲವು ದಿನ ವಸಯಿಯ ಶೆಡ್ಡಿಗೆ ಹೋಗುತ್ತಾಳೆ. ಹಳೆಯ ಕಡತ ಹೊಸ ಕಂಪ್ಯೂಟರಿಗೆ ಓದಲು ಬಾರದ್ದರಿಂದ ವರದಿಯ ಹಾಳೆ ನೋಡಿ ಅದಕ್ಕೆ ಒಂದೊಂದೇ ಹೆಸರು ತುಂಬುತ್ತಾಳೆ. ನಡುನಡುವೆ ಎದ್ದು ಹೊರಗೊಂದು ಸುತ್ತು ಹಾಕಿ ಬರುತ್ತಾಳೆ. ಎಷ್ಟು ತುಂಬಿದರೂ ರಾಶಿ ತಗ್ಗಿದಂತೆ ಕಾಣುವುದಿಲ್ಲ. ಪೂರ್ತಿಯಾಗುವವರೆಗೆ ಅವಳಿಗೆ ನೆಮ್ಮದಿಯಿಲ್ಲ, ಆದ ಮೇಲೆ ಇನ್ನೇನು ಎಂಬುದೂ ಆಗಾಗ ಕಾಡುತ್ತದೆ.

ಮೊನ್ನೆ ಮಲ್ಲವ್ವ ಹೊಸ ಬೂಟು ಹಾಕಿ ನೋಡಲು ಅಲ್ಲಿಗೆ ಬಂದಿದ್ದಳು. ದೂಜ ಬಗ್ಗಿ ಲೇಸು ಬಿಗಿದ. ಅವಳು ಎದ್ದು ಶೆಡ್ಡಿನ ಬಾಗಿಲವರೆಗೆ ನಡೆದು, ತಿರುಗಿ ಬಂದು, ಮತ್ತೊಮ್ಮೆ ಹೋಗಿ ಬಂದಳು.

"ಹೆಂಗದ?" ಎಂದು ವಿನೋದಿನಿ ಕೀಬೋರ್ಡಿನಿಂದ ಕೈ ತೆಗೆದು ಕೇಳಿದಳು.

"ಎತ್ತರ ಬರೋಬ್ಬರಿ ಐತಿ. ಹಿಮ್ಮಡ ಒಂಚೂರು ಒತ್ತತೈತಿ ನೋಡ್ರಿ."

"ಬಿಚ್ಚಿ ಕೊಡಿ ಮಾರಾಯ್ತಿ, ಈಗ ಸರಿ ಮಾಡ್ತೇನೆ," ಎಂದ ದೂಜ. ಮಲ್ಲವ್ವ ಬೂಟು ಕಳಚಿ ಕೊಟ್ಟು, ಬರಿಗಾಲಲ್ಲಿ ಸ್ಟೂಲಿನ ಮೇಲೆ ಕೂತು, ವಸಯಿಯಲ್ಲಿ ಒಳ್ಳೆ ಜೋಳ ಎಲ್ಲಿ ಸಿಗುತ್ತದೆ ಎಂದು ವಿಚಾರಿಸತೊಡಗಿದಳು.